ಒಳಕ್ಕೆ ಮಡಿಸಿದ ಅಂಚು

ಪೆದ್ರಾ ಮಾನ್ಸಾ, ಬ್ರೆಜಿಲ್
14 ಮಾರ್ಚ್ 1988

ತೊಕುಜಿ ಅಣ್ಣನಿಗೆ,

ಅಪ್ಪ ಮಾಡಿದ ಜಾಡಿ ಒಡೆದುಹೋಯಿತು. ಕ್ಷೇಮ ಸಮಾಚಾರ ಆಮೇಲೆ, ಮೊದಲು ಇದನ್ನು ಹೇಳಿಬಿಡುತ್ತೇನೆ. ಇಪ್ಪತ್ತೊಂಬತ್ತು ವರ್ಷದ ಹಿಂದೆ ಕೋಬೆಯಲ್ಲಿ ನಾನು ಹಡಗು ಹತ್ತುವಾಗ ಅಮ್ಮ ತನ್ನ ಸೊಂಟಪಟ್ಟಿಯಲ್ಲಿ ಸುತ್ತಿ ಕೊಟ್ಟಳಲ್ಲ, ಅದೇ ಜಾಡಿ. ಸಮುದ್ರದ ಮೇಲೆ ನಲವತ್ತೈದು ದಿನ ನನ್ನ ಮಡಿಲಲ್ಲೇ ಇತ್ತು. ಫೋಟೋ ನೋಡಿ ಒಪ್ಪಿಕೊಂಡ ಗಂಡನ ಮುಖಕ್ಕಿಂತ ಅದರ ಹೊಟ್ಟೆಯೇ ನನಗೆ ಹೆಚ್ಚು ಪರಿಚಯ. ಒಡೆದವಳು ನನ್ನ ಶಿಷ್ಯೆ ಜುರೇಮಾ, ಅರವತ್ತು ದಾಟಿದ ಹೆಂಗಸು. ಬೆಕ್ಕಿಗೆಂದು ಪೊರಕೆ ಬೀಸಿದಳು. ಬೆಕ್ಕು ತಪ್ಪಿಸಿಕೊಂಡಿತು, ಜಾಡಿಗೆ ತಪ್ಪಿಸಿಕೊಳ್ಳಲು ಬರಲಿಲ್ಲ.

"ಅಯ್ಯೋ, ಅಳ್ಬೇಡಿ ಟೀಚರ್," ಅಂದಳು. "ಅಂಥಾದ್ದು ನೀವೇ ಇನ್ನೊಂದು ಮಾಡ್ಕೊಂಡ್ರಾಯ್ತು. ದಿನಾ ನಮಗೆ ಕಲಿಸ್ತೀರಲ್ಲ!"

ಮಾಡಿಕೊಳ್ಳಬಹುದು. ಈ ಗುಡ್ಡದೂರಿನಲ್ಲಿ ಇಪ್ಪತ್ತು ವರ್ಷದಿಂದ ಮಾಡುತ್ತಲೂ ಇದ್ದೇನೆ, ಕಲಿಸುತ್ತಲೂ ಇದ್ದೇನೆ. ಆದರೆ ಇಲ್ಲಿ ಮಣ್ಣನ್ನು ಯಂತ್ರ ಪುಡಿ ಮಾಡುತ್ತದೆ. ನನಗೆ ನಮ್ಮೂರು ಕುಸುದಾನಿಯ ಹೊಳೆ ಕುಟ್ಟಿದ ಮಣ್ಣಿನ ಜಾಡಿ ಬೇಕು, ಅದೂ ನಿನ್ನ ಕೈಯದು. ದೊಡ್ಡದೇನೂ ಬೇಡ. ಉಮೆ ಕಾಯಿಗೆ ಉಪ್ಪು ಹಾಕಿಡುವಷ್ಟಾದರೆ ಸಾಕು.

ಹೋದ ವಾರ ಜುರೇಮಾಳ ತಮ್ಮನ ಹೊಲಕ್ಕೆ ಹೋಗಿದ್ದೆ. ತೊರೆಯ ಪಕ್ಕದಲ್ಲಿ ನೀರೊನಕೆ, ಅಣ್ಣಾ! ಥೇಟ್ ನಮ್ಮೂರಿನದೇ. ಒಂದು ತುದಿಯ ಮರದ ದೋಣಿ ನೀರು ತುಂಬಿ ಬಾಗುವುದು, ನೀರು ಚೆಲ್ಲುವುದು, ಇನ್ನೊಂದು ತುದಿಯ ಒನಕೆ ಧೊಪ್ಪೆಂದು ಬೀಳುವುದು. ಇವರು ಮೊಂಜೋಲೊ ಅನ್ನುತ್ತಾರೆ, ಅದರಲ್ಲಿ ಮಣ್ಣಿನ ಬದಲು ಮೆಕ್ಕೆಜೋಳ ಕುಟ್ಟುತ್ತಾರೆ. ನಾನು ಅಲ್ಲೇ ಕುಕ್ಕರಿಸಿ ಕೂತುಬಿಟ್ಟೆ. ಅವರು ಊಟಕ್ಕೆ ಕರೆದರು, ನನಗೆ ಏಳಲಾಗಲಿಲ್ಲ. ಆ ಸದ್ದಿಲ್ಲದೆ ಇಷ್ಟು ವರ್ಷ ನಾನು ಹೇಗೆ ನಿದ್ದೆ ಮಾಡಿದೆನೋ ಗೊತ್ತಿಲ್ಲ.

ಊರಿಗೆ ಬರುತ್ತೇನೆಂದು ಹೇಳುತ್ತಿಲ್ಲ, ಹೆದರಬೇಡ. ಕಳಿಸಿದವರೇ ಕರೆಯಬೇಕು. ಅಪ್ಪ ಹೋದಾಗ, ಅಮ್ಮ ಹೋದಾಗ, ನನ್ನ ಗಂಡ ಯೊಸಾಕು ತೀರಿಕೊಂಡಾಗ, ಆಗೆಲ್ಲ ನಿನ್ನ ಪತ್ರ ಬಂತು. 'ಬಾ' ಅನ್ನುವ ಒಂದಕ್ಷರ ಮಾತ್ರ ಯಾವುದರಲ್ಲೂ ಇರಲಿಲ್ಲ. ಇರಲಿ ಬಿಡು.

ಒಂದು ಮಾತು ಕೇಳಬೇಕು. ನಾನು ಕದ್ದು ತಿಗರಿಯ ಮೇಲೆ ಕೂತು ಜಾಡಿ ತಿರುಗಿಸುತ್ತೇನೆಂದು ಆಗ ಅಪ್ಪನಿಗೆ ಹೇಳಿದವರು ಯಾರು? ಮಣ್ಣು ಅಗೆಯಲು, ಹೊರಲು, ನಾದಲು ಹೆಂಗಸು ಬೇಕು. ತಿಗರಿಯ ಮೇಲೆ ಕೂತರೆ ಮಾತ್ರ ಪಾತ್ರೆ ಸುಡುವ ಆವಿಗೆಯ ದೇವಿಗೆ ಮುನಿಸಂತೆ! ಪಕ್ಕದ ಮನೆಯ ಒಸೇ ಅಜ್ಜಿಯೇ ಚಾಡಿ ಹೇಳಿದ್ದು ಅಂತ ನನ್ನ ಗುಮಾನಿ. ಆ ಮುದುಕಿಯನ್ನು ಮೂವತ್ತು ವರ್ಷದಿಂದ ಮನಸ್ಸಿನಲ್ಲೇ ಬೈಯುತ್ತಿದ್ದೇನೆ.

ನಿನ್ನ ತಂಗಿ,
ಕಿನುಯೊ

*

ಕುಸುದಾನಿ
2 ಜೂನ್ 1988

ಕಿನುಯೊಗೆ,

ಪತ್ರ ತಲುಪಿತು. ಇಲ್ಲಿ ಮಳೆ ಹಿಡಿದಿದೆ. ಹೊಳೆ ತುಂಬಿದೆ, ಒನಕೆಗಳು ಬಿಡುವಿಲ್ಲದೆ ಬೀಳುತ್ತಿವೆ.

ಜಾಡಿ ಒಡೆದದ್ದಕ್ಕೆ ಬೇಸರ ಬೇಡ. ದಿನಬಳಕೆಯ ಪಾತ್ರೆ ಒಂದಲ್ಲ ಒಂದು ದಿನ ಒಡೆಯುತ್ತದೆ. ಶರತ್ಕಾಲದ ಆವಿಗೆಯಲ್ಲಿ ನಿನಗೊಂದು ಜಾಡಿ ಇಡಿಸುತ್ತೇನೆ.

ನನ್ನ ಹೆಂಡತಿ ತಮೇ ಕ್ಷೇಮ. ಮಗಳು ಚಿಜುವಿಗೆ ಇಪ್ಪತ್ತು ತುಂಬಿತು. ನಿನ್ನ ಹಾಗೆಯೇ ಎದುರುತ್ತರ ಕೊಡುತ್ತಾಳೆ. ಈ ವರ್ಷ ಉಮೆ ಚೆನ್ನಾಗಿ ಬಿಟ್ಟಿದೆ.

ಅಕ್ಷರ ವಕ್ರವಾಗಿದ್ದರೆ ಕ್ಷಮಿಸು, ಪೆನ್ನು ಸರಿಯಿಲ್ಲ.

ಒಸೇ ಅಜ್ಜಿಯನ್ನು ಬೈಯಬೇಡ.

ತೊಕುಜಿ

*

ಪೆದ್ರಾ ಮಾನ್ಸಾ
20 ಜುಲೈ 1988

ಅಣ್ಣಾ,

ಪೆನ್ನು ಸರಿಯಿಲ್ಲವಂತೆ! ಆ ಅಕ್ಷರ ನೋಡಿದರೆ ಪೆನ್ನು ಸರಿಯಾಗೇ ಇತ್ತು, ಹಿಡಿದವನು ಒಂದು ಸೀಸೆ ಇಳಿಸಿದ್ದ ಅಂತ ಕಾಣುತ್ತದೆ. ಐವತ್ತೆರಡು ವರ್ಷದ ಗಂಡಸು, ಬೆಳೆದ ಮಗಳ ಅಪ್ಪ. ನಾಚಿಕೆಯಾಗಬೇಕು. ಅತ್ತಿಗೆಯ ಕೈಗೊಂದು ಪೊರಕೆ ಕೊಡಲು ಜುರೇಮಾಳನ್ನು ಕಳಿಸಲೇ?

ನಾನು ಕೇಳಿದ್ದಕ್ಕೆ ನೀನು ಉತ್ತರ ಬರೆಯಲಿಲ್ಲ. ಒಸೇ ಅಜ್ಜಿಯನ್ನು ಬೈಯಬೇಡ ಅಂದರೆ ಇನ್ಯಾರನ್ನು ಬೈಯಲಿ, ಅದನ್ನಾದರೂ ಹೇಳು.

ನಿನ್ನೆ ಪಾಠದಲ್ಲಿ ಒಂದು ತಮಾಷೆ ನಡೆಯಿತು. ಜುರೇಮಾ ಬೀನ್ಸ್ ಬೇಯಿಸುವ ಗಡಿಗೆ ಮಾಡಿದಳು. ಗಡಿಗೆಗಿಂತ ದೊಡ್ಡದಾಗಿ ತಳದಲ್ಲಿ ತನ್ನ ಹೆಸರು ಕೊರೆದಳು.

"ಟೀಚರ್, ನೀವ್ಯಾಕೆ ಹೆಸರು ಹಾಕಲ್ಲ?" ಅಂತ ಕೇಳಿದಳು.

"ನಮ್ಮೂರಲ್ಲಿ ಯಾರೂ ಹಾಕಲ್ಲ."

"ಹಂಗಾದ್ರೆ ನಾಳೆ ನೀವು ಸತ್ತೋದ್ರೆ ಇದು ಯಾರ ಕೈದು ಅಂತ ಯಾರಿಗ್ ಗೊತ್ತಾಗತ್ತೆ?"

"ಒಳಗೆ ಕೈ ಹಾಕಿ ನೋಡು, ಗೊತ್ತಾಗತ್ತೆ."

ನನ್ನದೊಂದು ಜಾಡಿಯೊಳಗೆ ಮೊಣಕೈವರೆಗೂ ಕೈ ಹಾಕಿ ತಡಕಾಡಿದಳು. "ಏನೂ ಇಲ್ಲ, ಖಾಲಿ!" ಅಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಅವಳ ಬೆರಳು ಹಿಡಿದು ಒಳಮೈಯ ಸುರುಳಿಗೆರೆಗಳ ಮೇಲೆ ಆಡಿಸಿದೆ. ಎಲ್ಲಿ ಕೈ ಅವಸರಪಟ್ಟಿದೆ, ಎಲ್ಲಿ ಉಸಿರು ಬಿಟ್ಟಿದೆ, ತಳದಲ್ಲಿ ಸುರುಳಿಯ ಬಾಲ ಹೇಗೆ ಮುಗಿದಿದೆ, ಎಲ್ಲ ತೋರಿಸಿದೆ. ಅವಳು ತಾನೇ ಇನ್ನೊಮ್ಮೆ ಬೆರಳಾಡಿಸಿ ನೋಡಿದಳು. ಹೆಸರು ಮಾತ್ರ ಅಳಿಸಲಿಲ್ಲ.

ಇವರೆಲ್ಲ ಒಳ್ಳೆಯವರು ಅಣ್ಣಾ. ನನ್ನನ್ನು ತಲೆಯ ಮೇಲೆ ಹೊತ್ತುಕೊಂಡಿದ್ದಾರೆ. ಆದರೂ ಒಮ್ಮೆ, ಒಂದೇ ಒಂದು ಸಲ, ನಮ್ಮ ಮನೆಯ ತಿಗರಿಯ ಮೇಲೆ ಹಗಲುಹೊತ್ತಿನಲ್ಲಿ, ಬಾಗಿಲು ತೆರೆದಿಟ್ಟುಕೊಂಡು, ಎಲ್ಲರೆದುರು ಕೂರಬೇಕು ಅಂತ ಆಸೆ. ಐವತ್ತರ ಹತ್ತಿರ ಬಂದವಳಿಗೆ ಇಂಥ ಆಸೆ ಇರಬಾರದು, ಇದೆ.

ಜಾಡಿ ಮರೆಯಬೇಡ.

ಕಿನುಯೊ

*

ಕುಸುದಾನಿ
30 ನವೆಂಬರ್ 1988

ಕಿನುಯೊಗೆ,

ಜಾಡಿಯನ್ನು ಹಡಗಿನಲ್ಲಿ ಕಳಿಸಿದ್ದೇನೆ. ಹುಲ್ಲು ದಪ್ಪ ಸುತ್ತಿದೆ. ನಮ್ಮ ಮನೆಯ ತಿಗರಿಯ ಮೇಲೇ ಮಾಡಿದ್ದು. ಊರಿನ ಆವಿಗೆಯಲ್ಲಿ ನಮ್ಮ ಪಾಲಿನ ಮೂರನೇ ಕೋಣೆಯಲ್ಲಿ ಸುಟ್ಟಿದ್ದು, ಒಂದು ಮಗ್ಗುಲಿಗೆ ಬೂದಿ ಹಾರಿ ಹಸಿರಾಗಿದೆ. ತಟ್ಟಿದರೆ ಸದ್ದು ಚೆನ್ನಾಗಿದೆ.

ನಾನು ಕುಡಿದಿರಲಿಲ್ಲ.

ತೊಕುಜಿ

*

ಪೆದ್ರಾ ಮಾನ್ಸಾ
25 ಫೆಬ್ರವರಿ 1989

ತೊಕುಜಿಗೆ,

ಅಣ್ಣ ಎಂದು ಬರೆಯಲು ಕೈ ಬರುತ್ತಿಲ್ಲ.

ಜಾಡಿ ಬಂತು. ಹುಲ್ಲು ಬಿಡಿಸುವಾಗ ಜುರೇಮಾಳೂ ಪಕ್ಕದಲ್ಲಿದ್ದಳು. "ಎಷ್ಟು ಚೆಂದ!" ಅಂದಳು. ನಾನು ಕಣ್ಣುಮುಚ್ಚಿ ಒಳಗೆ ಕೈಹಾಕಿದೆ. ಬಾಯಿಯ ಅಂಚು ಒಳಕ್ಕೆ ಮಡಿಸಿದೆ.

ಕುಸುದಾನಿಯ ಹತ್ತು ಮನೆಗಳಲ್ಲಿ ಯಾರು ಜಾಡಿಯ ಅಂಚನ್ನು ಒಳಕ್ಕೆ ಮಡಿಸುತ್ತಾರೆ? ಎಲ್ಲರೂ ಹೊರಕ್ಕೆ ಮಡಿಸುವವರೇ. ಒಳಕ್ಕೆ ಮಡಿಸಿದವಳು ನಾನೊಬ್ಬಳು. ಮುಚ್ಚಳ ಚೆನ್ನಾಗಿ ಕೂರಲಿ, ಉಪ್ಪುನೀರು ಚೆಲ್ಲದಿರಲಿ ಎಂದು ನಾನೇ ಕಂಡುಕೊಂಡ ಉಪಾಯ ಅದು. ತಳದವರೆಗೆ ಬೆರಳಿಳಿಸಿದೆ. ಸುರುಳಿಯ ಕೊನೆಯಲ್ಲಿ ಗಿಡ್ಡ ಬಾಲ, ಅದೂ ನನ್ನದೇ. ಕುಂಬಾರಳಿಗೆ ತನ್ನ ಕೈ ತಪ್ಪುವುದಿಲ್ಲ. ಇದು ನನ್ನ ಇಪ್ಪತ್ತನೇ ವಯಸ್ಸಿನ ಕೈ.

ಆಗ ನಾನು ಕದ್ದು ಮಾಡಿ ನಿನ್ನ ಹಲಗೆಗಳ ಮೇಲೆ ನಿನ್ನ ಜಾಡಿಗಳ ನಡುವೆ ಒಣಗಲಿಟ್ಟದ್ದು ಹನ್ನೆರಡು. ಅಪ್ಪ ಅವನ್ನು ಒಡೆಯಲಿಲ್ಲ. ಹಸಿಪಾತ್ರೆಯನ್ನು ನಮ್ಮಲ್ಲಿ ಯಾರೂ ಒಡೆಯುವುದಿಲ್ಲವಲ್ಲ. ಕರಗಿ ಮತ್ತೆ ಮಣ್ಣಾಗಲಿ ಎಂದು ಒಂದೊಂದಾಗಿ ಮಣ್ಣು ನೆನೆಸುವ ತೊಟ್ಟಿಗೆ ಬಿಟ್ಟ. ನಾನು ಅಡುಗೆಮನೆಯಲ್ಲಿ ಕೂತು ಆ ಸದ್ದು ಎಣಿಸಿದೆ. ಹನ್ನೊಂದು ಕೇಳಿತು. ಅಳುತ್ತಿದ್ದೆನಲ್ಲ, ಒಂದನ್ನು ಎಣಿಸಲು ತಪ್ಪಿರಬೇಕು ಅಂದುಕೊಂಡೆ. ನನ್ನ ಎಣಿಕೆ ತಪ್ಪಿರಲಿಲ್ಲ. ಒಣಗಿದ ಜಾಡಿಯನ್ನು ಮೂವತ್ತು ವರ್ಷ ಇಟ್ಟೂ ಸುಡಬಹುದು, ನನಗೆ ಗೊತ್ತಿಲ್ಲವೇ?

ಹನ್ನೆರಡನೆಯದು ನಿನ್ನ ಹತ್ತಿರವಿತ್ತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರೆ. ಅಜ್ಜಿಯನ್ನು ಬೈಯಬೇಡ ಎಂದು ನೀನು ಯಾಕೆ ಬರೆದೆ ಎಂಬುದು ಈಗ ಗೊತ್ತಾಯಿತು. ಹೇಳಿದವನು ನೀನೇ. ನನ್ನ ಜಾಡಿಯನ್ನು ಬಚ್ಚಿಟ್ಟವನೂ ನೀನೇ. ಈಗ ಅದನ್ನು ಸುಟ್ಟು, 'ನಮ್ಮ ಮನೆಯ ತಿಗರಿಯ ಮೇಲೇ ಮಾಡಿದ್ದು' ಎಂದು ನನಗೇ ಕಳಿಸಿದ್ದೀಯ. ನಿನ್ನ ಕೈಯದೊಂದು ಜಾಡಿ ಕೇಳಿದೆ. ಅಷ್ಟು ಮಾಡಲೂ ನಿನಗೆ ಆಗಲಿಲ್ಲವೇ?

ಇದಕ್ಕೆ ನಾನು ಉಪ್ಪು ಹಾಕುವುದಿಲ್ಲ. ಇನ್ನು ಪತ್ರ ಬರೆಯಬೇಡ.

ಕಿನುಯೊ

*

ಪೆದ್ರಾ ಮಾನ್ಸಾ
9 ಸೆಪ್ಟೆಂಬರ್ 1989

ಅಣ್ಣಾ,

ಹುಟ್ಟಿದಂದಿನಿಂದ ನನ್ನ ಒಂದು ಮಾತನ್ನೂ ಕೇಳಿದವನಲ್ಲ ನೀನು. ಬರೆಯಬೇಡ ಅಂದದ್ದನ್ನು ಮಾತ್ರ ಕೇಳಬೇಕಿತ್ತೇ?

ಏಳು ತಿಂಗಳಾಯಿತು. ಅಂಚೆಯವನು ಈಗ ನನ್ನ ಮುಖ ನೋಡಿದರೆ ತಲೆ ತಗ್ಗಿಸಿಕೊಂಡು ಹೋಗುತ್ತಾನೆ. ಜಾಡಿ ಕಿಟಕಿಯ ಬಳಿ ಖಾಲಿ ಕೂತಿದೆ. ದಿನಾ ಅದರೊಳಗೆ ಕೈ ಹಾಕುತ್ತೇನೆ. ಜುರೇಮಾ ನೋಡಿ, "ಟೀಚರ್, ಇನ್ನೂ ಖಾಲೀನೇನಾ?" ಅನ್ನುತ್ತಾಳೆ.

ಬೈಯಬೇಕೆಂದರೂ ನನಗೆ ನೀನೊಬ್ಬನೇ ಉಳಿದಿರುವುದು. ಬದುಕಿದ್ದೀಯಾ, ಅಷ್ಟನ್ನಾದರೂ ಬರೆ.

ಕಿನುಯೊ

*

ಕುಸುದಾನಿ
3 ನವೆಂಬರ್ 1989

ಕಿನುಯೊಗೆ,

ಬದುಕಿದ್ದೇನೆ. ಈ ಪತ್ರ ಬರೆಯಲು ಹನ್ನೊಂದು ದಿನ ಹಿಡಿಯಿತು. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಹೋಯಿತು. ನಿನಗೆ ಹೇಳಲಿಲ್ಲ. ತಿಗರಿ ನಿಂತ ಮನೆ ಎಂದು ನಿನಗೆ ಬರೆಯಲು ಮನಸ್ಸಾಗಲಿಲ್ಲ.

ಅಪ್ಪನಿಗೆ ಹೇಳಿದವನು ನಾನೇ.

ನಡೆದದ್ದು ಹೀಗೆ. ಅಪ್ಪ ನನ್ನ ಹಲಗೆಯಿಂದ ಒಂದು ಜಾಡಿ ಎತ್ತಿಕೊಂಡ. ಒಳಗೆ ಕೈಯಾಡಿಸಿದ. "ಅಂತೂ ಕೈ ಬಂತಲ್ಲೋ ನಿಂಗೆ! ಅಂಚು ಒಳಕ್ಕೆ ತಗೊಂಡಿದೀಯ, ಮುಚ್ಚಳ ಚೆನ್ನಾಗಿ ಕೂರತ್ತೆ," ಅಂದ. ಹತ್ತು ವರ್ಷ ಅವನ ಕೈಕೆಳಗೆ ದುಡಿದಿದ್ದೆ, ಅಂದಿನವರೆಗೆ ಒಂದು ದಿನವೂ ಅವನು ನನ್ನನ್ನು ಹೊಗಳಿರಲಿಲ್ಲ. "ನಂದಲ್ಲಪ್ಪ, ಕಿನುಯೊದು," ಅಂದೆ. ಸತ್ಯವನ್ನೇ ಹೇಳಿದೆ ಎಂದು ಇಷ್ಟು ವರ್ಷ ನನ್ನನ್ನು ನಾನೇ ನಂಬಿಸಿಕೊಂಡೆ. ಅದು ಸತ್ಯವಲ್ಲ, ಹೊಟ್ಟೆಕಿಚ್ಚು. ನಾಲ್ಕು ತಿಂಗಳಲ್ಲಿ ನಿನ್ನ ಮದುವೆ ಮಾಡಿ ಹಡಗು ಹತ್ತಿಸಿದರು. ಬಾ ಎಂದು ಯಾವ ಮುಖ ಇಟ್ಟುಕೊಂಡು ಬರೆಯಲಿ?

ಅಪ್ಪ ಹನ್ನೊಂದನ್ನು ತೊಟ್ಟಿಗೆ ಹಾಕಿದ. ಅವನು ಕೈಯಲ್ಲಿ ಹಿಡಿದು ಹೊಗಳಿದ ಜಾಡಿಯನ್ನು ನಾನು ಹುಲ್ಲಿನಲ್ಲಿ ಮುಚ್ಚಿಟ್ಟೆ. ಅವನು ತೀರಿಕೊಂಡ ವರ್ಷ ಸುಟ್ಟೆ. ಅಂದಿನಿಂದ ಅದು ನಮ್ಮ ಅಡುಗೆಮನೆಯಲ್ಲಿದೆ. ಈಗಲೂ ಅದರ ತುಂಬ ಉಮೆ ಇದೆ. ನಿನಗೆ ಬಂದದ್ದು ಅದಲ್ಲ.

ನಿನಗೆ ಬಂದದ್ದು ಚಿಜು ಮಾಡಿದ್ದು.

ಅವಳು ಚಿಕ್ಕಂದಿನಿಂದ ಉಮೆ ಕದಿಯಲು ಆ ಜಾಡಿಗೇ ಕೈ ಹಾಕುತ್ತಿದ್ದಳು. ನನಗೆ ಲಕ್ವ ಹೊಡೆದ ಮೂರನೇ ವಾರ ತಿಗರಿಯ ಸದ್ದು ಕೇಳಿ ಗೋಡೆ ಹಿಡಿದುಕೊಂಡು ಹೋದೆ. ನಿನ್ನ ಜಾಡಿಯನ್ನು ತೊಳೆದು ಪಕ್ಕದಲ್ಲಿಟ್ಟುಕೊಂಡು ಕೂತಿದ್ದಳು.

"ಯಾರನ್ನ ಕೇಳಿ ಕೂತೆ?" ಅಂದೆ.

"ಯಾರನ್ನೂ ಕೇಳಿಲ್ಲ. ಕೇಳಿದ್ರೆ ಬೇಡ ಅಂತಿದ್ರಿ."

"ಯಾರು ಕಲಿಸಿದ್ದು?"

"ಈ ಜಾಡಿ. ಇದನ್ನ ಮಾಡಿದ್ದು ಯಾರಪ್ಪ?"

ಹೇಳಿದೆ. ಅವಳಿಗೆ ಎಲ್ಲವನ್ನೂ ಹೇಳಿದೆ. ಮೂರು ದಿನ ನನ್ನ ಜೊತೆ ಮಾತು ಬಿಟ್ಟಳು.

ನೀನು ಕೇಳಿದ ಜಾಡಿಯನ್ನು ತಾನೇ ಮಾಡುತ್ತೇನೆಂದು ಹಟ ಹಿಡಿದಳು. ಅದು ನಾನು ಮಾಡಿದ್ದಲ್ಲ ಎಂಬುದು ನಿನ್ನ ಕೈಗೆ ಗೊತ್ತಾಗುತ್ತದೆಂದು ನನಗೆ ಅನ್ನಿಸಿತ್ತು. ಹೀಗೆ ಗೊತ್ತಾಗುತ್ತದೆಂದು ಅಂದುಕೊಂಡಿರಲಿಲ್ಲ.

ಹುಡುಗಿ ತಿಗರಿಯ ಮೇಲೆ ಕೂತಳೆಂದು ಈಚೆಗೆ ಊರಿನ ಉಳಿದ ಒಂಬತ್ತು ಮನೆಯವರೂ ಬಂದಿದ್ದರು. ದೇವಿಯ ಮುನಿಸು, ಹಿರಿಯರ ಕಟ್ಟಳೆ, ಎಲ್ಲ ಆಯಿತು. ನಿನ್ನ ಜಾಡಿಗಳು ತೊಟ್ಟಿಗೆ ಬೀಳುವಾಗ ಬಾಯಿ ಮುಚ್ಚಿಕೊಂಡಿದ್ದ ಹಾಗೆ ಈ ಸಲ ಇರಲಿಲ್ಲ ನಾನು. "ನನ್ನ ತಂಗಿ ಮಾಡಿದ್ದನ್ನ ಇಪ್ಪತ್ತಮೂರು ವರ್ಷದ ಹಿಂದೆ ಇದೇ ಆವಿಗೇಲಿ ಸುಟ್ಟೆ. ದೇವಿ ಆವತ್ತೇನೂ ಮುನಿಸ್ಕೊಳ್ಳಲಿಲ್ವಲ್ಲ," ಅಂದೆ. ಅವರು ಗೊಣಗಿ ಕೊನೆಗೊಂದು ಷರತ್ತು ಹಾಕಿದರು. ವಸಂತದ ಆವಿಗೆಗೆ ಪ್ರತಿ ಮನೆಯೂ ಇಡುವ ಹಾಗೆ ಆಳುದ್ದದ ಆರು ನೀರಿನ ಜಾಡಿ ಚಿಜು ಇಡಬೇಕು. ಆಗದಿದ್ದರೆ ಆವಿಗೆಯಲ್ಲಿ ನಮ್ಮ ಕೋಣೆ ಬೇರೆಯವರಿಗೆ ಹೋಗುತ್ತದೆ. ನಮ್ಮ ತಿಗರಿ ಶಾಶ್ವತವಾಗಿ ನಿಲ್ಲುತ್ತದೆ.

ಸಣ್ಣ ಜಾಡಿ ಚೆನ್ನಾಗಿ ಮಾಡುತ್ತಾಳೆ. ದೊಡ್ಡದು ಏಳುತ್ತದೆ, ಭುಜದವರೆಗೆ ಬರುತ್ತದೆ, ಬಾಯಿ ಮಡಿಸುತ್ತಿದ್ದಂತೆ ಕುಸಿದು ಕೂರುತ್ತದೆ. ಹದಿನೇಳು ಕುಸಿದಿವೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ, ಇಲ್ಲಿ ದೊಣ್ಣೆಯೂ ಬೇಕಾಗಿಲ್ಲ. ತೋರಿಸಿಕೊಡಲು ನನಗೆ ಕೈಯಿಲ್ಲ. ಬೇರೆ ಮನೆಯವರು ಹುಡುಗಿಗೆ ಹೇಳಿಕೊಡುವುದಿಲ್ಲ. ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ, ಅಷ್ಟೇ.

ಕ್ಷಮಿಸು ಎಂದು ಕೇಳುವ ಯೋಗ್ಯತೆ ನನಗಿಲ್ಲ. ಆದರೆ ಮೂವತ್ತು ವರ್ಷದ ಹಿಂದೆಯೇ ಬರೆಯಬೇಕಾಗಿದ್ದ ಒಂದಕ್ಷರವನ್ನು ಈಗ ಬರೆಯುತ್ತೇನೆ.

ಬಾ.

ತೊಕುಜಿ

*

ಪೆದ್ರಾ ಮಾನ್ಸಾ
28 ನವೆಂಬರ್ 1989

ಚಿಜುಗೆ,

ನಾನು ನಿನ್ನ ಕಿನುಯೊ ಅತ್ತೆ. ನಿನ್ನನ್ನು ನೋಡಿಲ್ಲ, ಆದರೆ ನಿನ್ನ ಕೈಯನ್ನು ಒಂಬತ್ತು ತಿಂಗಳಿಂದ ದಿನಾ ಮುಟ್ಟುತ್ತಿದ್ದೇನೆ. ಅದನ್ನು ನನ್ನದೆಂದು ತಿಳಿದು ನಿಮ್ಮಪ್ಪನಿಗೆ ಬಾಯಿಗೆ ಬಂದಂತೆ ಬರೆದೆ. ಕುಂಬಾರಳಿಗೆ ತನ್ನ ಕೈ ತಪ್ಪುವುದಿಲ್ಲ ಅಂತ ಜಂಭ ಬೇರೆ ಕೊಚ್ಚಿಕೊಂಡೆ. ಜುರೇಮಾಗೆ ಹೇಳಿದರೆ, "ನೋಡಿದ್ರಾ ಟೀಚರ್, ಅದಕ್ಕೇ ಹೆಸರು ಹಾಕ್ಬೇಕು ಅನ್ನೋದು!" ಅಂತ ಕುಣಿದಾಡಿಬಿಟ್ಟಳು.

ಈಗ ಕೆಲಸದ ಮಾತು. ನಿನ್ನ ದೊಡ್ಡ ಜಾಡಿಗಳು ಯಾಕೆ ಕುಸಿಯುತ್ತವೆ ಎಂದು ನನಗೆ ಗೊತ್ತು. ಅಂಚನ್ನು ಒಳಕ್ಕೆ ಮಡಿಸುತ್ತೀಯಲ್ಲ, ಬಾಯಿಯ ಭಾರವೆಲ್ಲ ಒಳಗಡೆ ಬೀಳುತ್ತದೆ. ಸಣ್ಣ ಜಾಡಿ ಅದನ್ನು ತಡೆದುಕೊಳ್ಳುತ್ತದೆ. ದೊಡ್ಡದರ ಹಸಿ ಭುಜಕ್ಕೆ ಆ ಶಕ್ತಿಯಿಲ್ಲ.

ಮುಚ್ಚಳ ಚೆನ್ನಾಗಿ ಕೂರಲಿ ಎಂದು ನಾನೇ ಕಂಡುಕೊಂಡ ಉಪಾಯ ಎಂದು ನಿಮ್ಮಪ್ಪನಿಗೆ ಬರೆದಿದ್ದೆ. ಸುಳ್ಳು. ಇಪ್ಪತ್ತು ವರ್ಷದಿಂದ ನನ್ನ ಶಿಷ್ಯರಿಗೂ ಅದೇ ಸುಳ್ಳನ್ನು ಹೇಳಿಕೊಂಡು ಬಂದಿದ್ದೇನೆ. ಗಂಡಸರೆಲ್ಲ ಆವಿಗೆಯಲ್ಲಿ ಬೇರೆ ಮನೆಯವರ ಕೋಣೆ ತುಂಬಲು ಹೋದಾಗ ನಾನು ಕದ್ದು ಕೂರುತ್ತಿದ್ದೆ. ಕೊನೆಗೆ ಅಂಚು ಮಡಿಸುವ ಹೊತ್ತಿಗೆ, ಯಾರಾದರೂ ಬಂದರೇನೋ ಎಂದು ಬಾಗಿಲ ಕಡೆ ತಿರುಗಿ ನೋಡುತ್ತಿದ್ದೆ. ತಿರುಗಿದಾಗ ಕೈ ಒಳಕ್ಕೆ ಜಾರುತ್ತಿತ್ತು. ಹನ್ನೆರಡು ಜಾಡಿಯಲ್ಲಿ ಹನ್ನೆರಡು ಸಲವೂ ಜಾರಿತು. ಆಮೇಲೆ ಅದೇ ಅಭ್ಯಾಸವಾಯಿತು, ಅಭ್ಯಾಸಕ್ಕೊಂದು ಕಾರಣ ಹುಡುಕಿಕೊಂಡೆ. ಅದು ಉಪಾಯವಲ್ಲ ಮಗಳೇ, ಹೆದರಿಕೆ. ನೀನು ನನ್ನ ಜಾಡಿಯಿಂದ ಕೈಯ ಜೊತೆ ನನ್ನ ಹೆದರಿಕೆಯನ್ನೂ ಕಲಿತುಬಿಟ್ಟಿದ್ದೀಯ.

ನೀನು ಯಾರಿಗೂ ಕದ್ದು ಕೂತಿಲ್ಲ. ಬಾಗಿಲ ಕಡೆ ನೋಡಬೇಡ, ಅಂಚನ್ನು ಹೊರಕ್ಕೆ ಮಡಿಸು. ಜಾಡಿ ನಿಲ್ಲುತ್ತದೆ.

ನಿಮ್ಮಪ್ಪನ ಮೇಲೆ ನನಗೆ ಕೋಪ ಇದೆ. ಬೇಕಾದಷ್ಟಿದೆ, ಪತ್ರದಲ್ಲಿ ತೀರುವಂಥದ್ದಲ್ಲ. ಎದುರಿಗೆ ಕೂತು ಬೈಯಬೇಕು. ಅದಕ್ಕೇ ಬರುತ್ತಿದ್ದೇನೆ, ಫೆಬ್ರವರಿ ಮೊದಲ ವಾರ. ಒನಕೆಗಳ ಸದ್ದು ಕೇಳುವ ಕಡೆಯ ಕೋಣೆಯಲ್ಲಿ ನನಗೆ ಹಾಸಿಗೆ ಹಾಕಿಸು. ನಾನು ಬಂದಾಗ ನೀನು ತಿಗರಿಯಿಂದ ಏಳಬೇಡ. ಆರು ಜಾಡಿ ಮುಗಿಯಲಿ, ಆಮೇಲೆ ನನ್ನ ಸರದಿ. ಮೂವತ್ತು ವರ್ಷ ಕಾದವಳು ಇನ್ನೊಂದು ತಿಂಗಳು ಕಾಯುತ್ತೇನೆ.

ಅಲ್ಲಿಯವರೆಗೆ ಬಾಗಿಲಲ್ಲಿ ನಿಂತಿರುವ ನಿಮ್ಮಪ್ಪನಿಗೆ ಒಳಗೆ ಬಂದು ಕೂರಲು ಹೇಳು. ನಿನ್ನ ಜಾಡಿಗೆ ಇವತ್ತು ಬೆಳಿಗ್ಗೆ ಉಪ್ಪು ಹಾಕಿದೆ ಎಂದೂ ಹೇಳು.

ಕಿನುಯೊ ಅತ್ತೆ